ಗಂಡಸಿಗೊಂದು, ಹೆಂಗಸಿಗೊಂದು: ವ್ಯಭಿಚಾರ, ಅತ್ಯಾಚಾರದ ಕಾನೂನುಗಳು ನಡೆದು ಬಂದ ದಾರಿ

ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ 497 ಅಂತ ಒಂದು ಸೆಕ್ಷನ್ ಇತ್ತು. ಇನ್ನೊಬ್ಬನ ಹೆಂಡತಿಯ ಜೊತೆ ದೈಹಿಕ ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಜೈಲು. ಆ ಹೆಂಗಸಿಗೆ ಏನೂ ಇಲ್ಲ. ಕುಮ್ಮಕ್ಕು ಕೊಟ್ಟಳು ಅಂತ ಕೂಡ ಆಕೆಯ ಮೇಲೆ ಕೇಸು ಹಾಕುವ ಹಾಗಿರಲಿಲ್ಲ.

ಇಷ್ಟೇ ಕೇಳಿದರೆ ಇದು ಹೆಂಗಸರ ಪರವಾದ ಕಾನೂನು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿತ್ತು. ಆಕೆಯ ಗಂಡ ಒಪ್ಪಿದ್ದರೆ, ಅಥವಾ ಕಂಡೂ ಕಾಣದ ಹಾಗೆ ಸುಮ್ಮನಿದ್ದರೆ, ಅದು ಅಪರಾಧವೇ ಅಲ್ಲ. ದೂರು ಕೊಡುವ ಹಕ್ಕು ಇದ್ದದ್ದೂ ಆಕೆಯ ಗಂಡನಿಗೆ. ಅವನು ಊರಲ್ಲಿ ಇಲ್ಲದಿದ್ದರೆ ಆಕೆಯನ್ನು ನೋಡಿಕೊಳ್ಳುತ್ತಿದ್ದವರು ಕೋರ್ಟಿನ ಅನುಮತಿ ಪಡೆದು ದೂರು ಕೊಡಬಹುದಿತ್ತು. ತಪ್ಪು ಮಾಡಿದ ಗಂಡಸಿಗೂ ಒಬ್ಬ ಹೆಂಡತಿ ಇದ್ದರೆ ಅವಳ ದೂರಿಗೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಅವನು ವಿಧವೆಯ ಜೊತೆಗೋ ಮದುವೆಯಾಗದವಳ ಜೊತೆಗೋ ಇದ್ದರೆ ಸರ್ಕಾರಕ್ಕೆ ಯಾವ ತಕರಾರೂ ಇಲ್ಲ. ಬೇಲಿ ದಾಟಿ ಬಂದವನಿಗೆ ಶಿಕ್ಷೆ, ಹೊಲಕ್ಕೆಂಥ ಶಿಕ್ಷೆ ಎಂಬ ಲೆಕ್ಕ ಅದು. ಹೆಂಗಸನ್ನು ಬಿಟ್ಟಿದ್ದು ಅವಳ ಮೇಲಿನ ಗೌರವದಿಂದ ಅಲ್ಲ.

ಈ ಸೆಕ್ಷನ್ ಹುಟ್ಟಿದ್ದೂ ವಿಚಿತ್ರವಾಗಿಯೇ. 1837ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮೆಕಾಲೆಯ ಆಯೋಗ ಬರೆದ ದಂಡ ಸಂಹಿತೆಯ ಕರಡಿನಲ್ಲಿ ವ್ಯಭಿಚಾರ ಅಪರಾಧವೇ ಆಗಿರಲಿಲ್ಲ. ನಮ್ಮ ದೇಶದ ಬಗ್ಗೆ ಮೆಕಾಲೆಗೆ ಎಷ್ಟೇ ತಾತ್ಸಾರ ಇದ್ದರೂ ಈ ವಿಷಯದಲ್ಲಿ ಅವನು ಒಂದು ಮಾತು ಸರಿಯಾಗಿ ಹಿಡಿದಿದ್ದ. ಇಲ್ಲಿ ಹುಡುಗಿಗೆ ಬುದ್ಧಿ ಬರುವ ಮೊದಲೇ ಮದುವೆ ಆಗುತ್ತದೆ. ಗಂಡನನ್ನು ಅವಳು ಸವತಿಯರ ಜೊತೆ ಹಂಚಿಕೊಳ್ಳಬೇಕು. ಅಂಥವಳನ್ನು ನಿಷ್ಠೆ ತಪ್ಪಿದಳೆಂದು ಜೈಲಿಗೆ ಕಳಿಸುವುದು ಸರಿಯಲ್ಲ ಎಂಬುದು ಅವನ ವಾದ. ಆಮೇಲೆ ಕರಡು ತಿದ್ದಿದವರು ವ್ಯಭಿಚಾರವನ್ನು ಒಳಗೆ ಸೇರಿಸಿದರು. ಆದರೆ ಇದೇ ಕಾರಣ ಕೊಟ್ಟು ಹೆಂಗಸನ್ನು ಶಿಕ್ಷೆಯಿಂದ ಹೊರಗಿಟ್ಟರು. 1860ರಲ್ಲಿ ಅದು ಕಾನೂನಾಯಿತು. ಫ್ರಾನ್ಸಿನಲ್ಲಿ ಆಗ ಪೂರ್ತಿ ಉಲ್ಟಾ. ಅಲ್ಲಿನ 1810ರ ಸಂಹಿತೆಯಲ್ಲಿ ತಪ್ಪಿದ ಹೆಂಡತಿಗೆ 3 ತಿಂಗಳಿಂದ 2 ವರ್ಷ ಜೈಲು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲೇ ಇಟ್ಟುಕೊಂಡರೆ ಮಾತ್ರ ಶಿಕ್ಷೆ, ಅದೂ ಬರೀ ದಂಡ.

ಸ್ವಾತಂತ್ರ್ಯ ಬಂದ ಮೇಲೆ 497ನ್ನು ಮೊದಲು ಪ್ರಶ್ನಿಸಿದ್ದು ಆರೋಪಿ ಸ್ಥಾನದಲ್ಲಿದ್ದ ಒಬ್ಬ ಗಂಡಸು. ನನಗೊಬ್ಬನಿಗೇ ಯಾಕೆ ಶಿಕ್ಷೆ ಎಂದು ಕೇಳಿದ. ಸಂವಿಧಾನದ 15(3)ನೇ ವಿಧಿ ಮಹಿಳೆಯರಿಗೆ ವಿಶೇಷ ನಿಯಮ ಮಾಡಲು ಅವಕಾಶ ಕೊಡುತ್ತದೆ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಉತ್ತರಿಸಿತು. 1985ರಲ್ಲಿ ಮತ್ತೆ ಪ್ರಶ್ನೆ ಬಂತು. ಮರುಳು ಮಾಡುವವನು ಗಂಡಸು, ಹೆಂಗಸಲ್ಲ ಎಂಬುದು ಎಲ್ಲರೂ ಒಪ್ಪಿರುವ ಮಾತು ಎಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಸೆಕ್ಷನ್ನನ್ನು ಉಳಿಸಿತು. 1988ರಲ್ಲಿ ಮೂರನೇ ಸಲವೂ ಉಳಿಯಿತು.

ಕೋರ್ಟಿನ ಹೊರಗೆ ಚರ್ಚೆ ಬೇರೆ ದಾರಿ ಹಿಡಿದಿತ್ತು. 1971ರಲ್ಲಿ ಕಾನೂನು ಆಯೋಗ ತನ್ನ 42ನೇ ವರದಿಯಲ್ಲಿ ಹೆಂಗಸಿಗೂ ಶಿಕ್ಷೆ ಇರಲಿ, ಆದರೆ 5 ವರ್ಷವನ್ನು 2ಕ್ಕೆ ಇಳಿಸೋಣ ಎಂದಿತು. 2003ರಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ ಕೂಡ ಇನ್ನೊಬ್ಬರ ಸಂಗಾತಿಯ ಜೊತೆ ಸಂಬಂಧ ಇಟ್ಟುಕೊಂಡ ಯಾರಿಗೇ ಆಗಲಿ ಶಿಕ್ಷೆ ಆಗಬೇಕು ಎಂದು ಶಿಫಾರಸು ಮಾಡಿತು. ಇಬ್ಬರನ್ನೂ ಜೈಲಿಗೆ ಹಾಕಿದರೆ ಸಮಾನತೆ ಬಂದ ಹಾಗೆ ಎಂಬ ಯೋಚನೆ ಇದು.

1971ರಲ್ಲೇ ಇದಕ್ಕೆ ಒಬ್ಬರು ಒಪ್ಪಿರಲಿಲ್ಲ. ಆಯೋಗದ ಸದಸ್ಯೆ ಅನ್ನಾ ಚಾಂಡಿ. ಭಾರತದಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾದ ಮೊದಲ ಮಹಿಳೆ ಅವರು. ಮದುವೆಯಲ್ಲಿ ಹೆಂಗಸಿನ ಸ್ಥಾನದ ಬಗ್ಗೆ ಈಗಿನ ಕಾಲದ ತಿಳಿವಳಿಕೆಗೆ ಈ ಸೆಕ್ಷನ್ ಹೊಂದುವುದಿಲ್ಲ, ತೆಗೆದೇ ಹಾಕಿ ಎಂದು ಬರೆದರು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

47 ವರ್ಷದ ನಂತರ ಅದೇ ಆಯಿತು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ 497ನ್ನು ರದ್ದು ಮಾಡಿತು. ಗಂಡ ಹೆಂಡತಿಯ ಯಜಮಾನ ಅಲ್ಲ ಎಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಹೇಳಿದರು. ಪೀಠದಲ್ಲಿದ್ದ ಡಿ.ವೈ. ಚಂದ್ರಚೂಡ್ ಅವರು 1985ರ ತೀರ್ಪು ಬರೆದವರ ಮಗ. ಅಪ್ಪ ಉಳಿಸಿದ್ದನ್ನು ಮಗ ಕೆಡವಿದ ಎಂದು ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಉಳಿಯಿತು, ಜೈಲಿನ ಮಾತು ಹೋಯಿತು. ಸೇನೆಯ ಶಿಸ್ತಿನ ನಿಯಮಗಳಿಗೆ ಈ ತೀರ್ಪು ಅಡ್ಡಿಯಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ವ್ಯಭಿಚಾರದಲ್ಲಿ ಲಿಂಗಭೇದ ತೆಗೆಯುವುದು ಸುಲಭವಾಗಿತ್ತು. ಇಬ್ಬರು ವಯಸ್ಕರು ಒಪ್ಪಿ ಮಾಡಿದ್ದು. ಅಪರಾಧವನ್ನೇ ಅಳಿಸಿದರೆ ಲಿಂಗಭೇದವೂ ಅಳಿಯಿತು. ಅತ್ಯಾಚಾರದಲ್ಲಿ ಅಳಿಸುವ ಮಾತೇ ಬರುವುದಿಲ್ಲ. ಅಲ್ಲಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಸಂತ್ರಸ್ತ ಯಾರು ಆಗಬಹುದು? ಆರೋಪಿ ಯಾರು ಆಗಬಹುದು? ಕಳೆದ 25 ವರ್ಷಗಳಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದಾಗಲೆಲ್ಲ ಎರಡೂ ಬಿದ್ದುಹೋಗಿವೆ ಎಂಬುದು ನನ್ನ ಅಭಿಪ್ರಾಯ.

2000ದಲ್ಲಿ ಕಾನೂನು ಆಯೋಗದ 172ನೇ ವರದಿ ಹಾಗೆ ಕಟ್ಟಿತು. ಅತ್ಯಾಚಾರದ ಜಾಗದಲ್ಲಿ ಲೈಂಗಿಕ ಹಲ್ಲೆ ಎಂಬ ಅಪರಾಧ ಬರಲಿ, ಎರಡೂ ಕಡೆ ಯಾರು ಬೇಕಾದರೂ ಇರಲಿ, ಜೊತೆಗೆ ‘ಅಸ್ವಾಭಾವಿಕ’ ಲೈಂಗಿಕ ಕ್ರಿಯೆಯನ್ನು ಅಪರಾಧ ಎನ್ನುವ 377ನೇ ಸೆಕ್ಷನ್ ತೆಗೆಯಿರಿ ಎಂದಿತು. ವರದಿ ಕಪಾಟಿನಲ್ಲೇ ಉಳಿಯಿತು. 2006ರಲ್ಲಿ ಹೆಂಗಸಿನ ಮೇಲೆ ಸಾಮೂಹಿಕ ಅತ್ಯಾಚಾರದ ಆರೋಪ ಹೊರಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆಗುವುದಿಲ್ಲ ಎಂಬುದೇ ಉತ್ತರವಾಯಿತು.

2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. ಈ ಗಂಟನ್ನು ಬಿಚ್ಚಿದ್ದು ಅವರೇ. ಆರೋಪಿ ಗಂಡಸೇ ಇರಲಿ, ಸಂತ್ರಸ್ತ ಮಾತ್ರ ಯಾರೇ ಆಗಿರಬಹುದು ಎಂದರು. ಆದರೆ 2013ರ ಫೆಬ್ರುವರಿ 3ರ ಸುಗ್ರೀವಾಜ್ಞೆಯಲ್ಲಿ ಸರ್ಕಾರ ಎರಡನ್ನೂ ಮತ್ತೆ ಒಟ್ಟಿಗೆ ಲಿಂಗ ತಟಸ್ಥ, ಅಂದರೆ ಗಂಡು ಹೆಣ್ಣೆಂಬ ಭೇದ ಇಲ್ಲದ ಹಾಗೆ ಮಾಡಿತು. ಮಹಿಳಾ ಸಂಘಟನೆಗಳು ಸಿಡಿದೆದ್ದವು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ದೂರು ಕೊಟ್ಟವಳ ಮೇಲೆ ಆರೋಪಿಯೇ ತಿರುಗಿ ಕೇಸು ಹಾಕುವುದು ನಮ್ಮ ಠಾಣೆಗಳಲ್ಲಿ ದಿನಾ ಕಾಣುವ ವಿಷಯ. ‘ಅವಳೇ ನನ್ನ ಮೇಲೆ ಅತ್ಯಾಚಾರ ಮಾಡಿದಳು’ ಎಂಬ ಕೌಂಟರ್ ಕೇಸಿಗೆ ದಾರಿ ಆದರೆ ಎಷ್ಟು ಜನ ಠಾಣೆಯ ಮೆಟ್ಟಿಲು ಹತ್ತುತ್ತಾರೆ? ಮಾರ್ಚಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಎಲ್ಲವೂ ಹಳೆಯ ಹಾಗೆ ಬಂತು. ಆರೋಪಿ ಗಂಡಸು, ಸಂತ್ರಸ್ತೆ ಹೆಂಗಸು. ವರ್ಮಾ ಸಮಿತಿಯ ಮಧ್ಯದ ದಾರಿ ಈ ಗಲಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಮೊದಲೇ ಮುಂದೆ ಹೋಗಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ನವೆಂಬರ್ 14ರಿಂದ ಜಾರಿಯಾದ ಪೋಕ್ಸೊ ಕಾಯ್ದೆಯಲ್ಲಿ ಸಂತ್ರಸ್ತ ಹುಡುಗನೂ ಆಗಬಹುದು, ಆರೋಪಿ ಹೆಂಗಸೂ ಆಗಬಹುದು. 13 ವರ್ಷದ ಹುಡುಗನ ಮೇಲೆ ದೌರ್ಜನ್ಯ ಮಾಡಿದ ಆರೋಪ ಹೊತ್ತ ಮಹಿಳೆಯೊಬ್ಬರು ಕೇಸು ರದ್ದು ಮಾಡಿ ಎಂದು ಕೇಳಿದಾಗ, 2025ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಒಪ್ಪಲಿಲ್ಲ. ಪೋಕ್ಸೊ ಲಿಂಗ ನೋಡುವುದಿಲ್ಲ ಎಂದರು. ಅದೇ ಹುಡುಗನಿಗೆ 18 ತುಂಬಿದ ಮರುದಿನ ಅದೇ ಕೃತ್ಯ ನಡೆದರೆ ಆ ಕಾನೂನು ಅವನಿಗಿಲ್ಲ.

ವಯಸ್ಕ ಗಂಡಸಿನ ಮೇಲೆ ಇನ್ನೊಬ್ಬ ಗಂಡಸು ಬಲಾತ್ಕಾರ ಮಾಡಿದರೆ? 2024ರವರೆಗೆ ಅದಕ್ಕೆ 377 ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಒಪ್ಪಿತ ಸಂಬಂಧಗಳನ್ನು ಅದರಿಂದ ಹೊರಗೆ ತಂದಿತು, ಒಪ್ಪಿಗೆ ಇಲ್ಲದ ಕೃತ್ಯಗಳಿಗೆ ಸೆಕ್ಷನ್ನನ್ನು ಉಳಿಸಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆ ಬರೆಯುವಾಗ ಅದನ್ನು ಪೂರ್ತಿ ಬಿಟ್ಟರು. ಬ್ರಿಜ್ ಲಾಲ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ 2023ರ ನವೆಂಬರಿನಲ್ಲಿ ಎರಡು ಸಲಹೆ ಕೊಟ್ಟಿತ್ತು. ವ್ಯಭಿಚಾರವನ್ನು ಲಿಂಗ ತಟಸ್ಥ ಅಪರಾಧವಾಗಿ ವಾಪಸ್ ತನ್ನಿ. ಗಂಡಸರು, ತೃತೀಯ ಲಿಂಗಿಗಳ ಮೇಲಿನ ಬಲಾತ್ಕಾರಕ್ಕೆ ಒಂದು ಸೆಕ್ಷನ್ ಇಡಿ. ಮೊದಲನೆಯದು ಸೇರದೆ ಇದ್ದದ್ದು ಒಳ್ಳೆಯದೇ ಆಯಿತು. ಎರಡನೆಯದೂ ಅದರ ಜೊತೆಗೇ ಹೋಯಿತು.

2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಯಲ್ಲಿದೆ. ಇದರಲ್ಲಿ ಬದಲಾವಣೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಕದ್ದು ನೋಡುವುದು, ಬಟ್ಟೆ ಬಿಚ್ಚಲು ಹಲ್ಲೆ ಮಾಡುವುದು, ಈ ಎರಡರಲ್ಲಿ ಈಗ ಹೆಂಗಸೂ ಆರೋಪಿ ಆಗಬಹುದು. ಆದರೆ ಸಂತ್ರಸ್ತೆ ಹೆಂಗಸೇ ಆಗಿರಬೇಕು. ಅಂದರೆ ತುರ್ತಾಗಿ ಬೇಕಿದ್ದ ಕಡೆ ಬಿಟ್ಟು ಇನ್ನೊಂದು ಕಡೆ ತಿದ್ದುಪಡಿ ಆಗಿದೆ! 63ನೇ ಸೆಕ್ಷನ್ನಿನ ಅತ್ಯಾಚಾರ ಲಿಂಗದ ಮಟ್ಟಿಗೆ ಮೊದಲಿನ ಹಾಗೇ ಇದೆ. 497 ಇಲ್ಲ, ಆದರೆ ಅದರ ತಮ್ಮನಂತಿದ್ದ 498 ಈಗ 84ನೇ ಸೆಕ್ಷನ್ ಆಗಿ ಉಳಿದಿದೆ. ಇನ್ನೊಬ್ಬನ ಹೆಂಡತಿಯನ್ನು ಅಕ್ರಮ ಸಂಬಂಧಕ್ಕಾಗಿ ಪುಸಲಾಯಿಸಿ ಕರೆದೊಯ್ದರೆ 2 ವರ್ಷದವರೆಗೆ ಜೈಲು. ಹೆಂಡತಿ ಗಂಡನ ಸ್ವತ್ತಲ್ಲ ಎಂದು ಕೋರ್ಟ್ ಹೇಳಿದ ಮೇಲೂ ಇದು ಯಾಕೆ ಉಳಿಯಿತೋ!

ಬಲಾತ್ಕಾರಕ್ಕೆ ಒಳಗಾದ ಗಂಡಸಿನ ದೂರನ್ನು ಪೊಲೀಸರು ಈಗ ಹಲ್ಲೆ, ಅಕ್ರಮ ಬಂಧನದಂಥ ಸೆಕ್ಷನ್‌ಗಳ ಅಡಿಯಲ್ಲಿ ಬರೆದುಕೊಳ್ಳಬೇಕು. ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ತೃತೀಯ ಲಿಂಗಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆ ಇಟ್ಟ ಗರಿಷ್ಠ ಶಿಕ್ಷೆಯೇ 2 ವರ್ಷ. ಇನ್ನೊಂದು ವಿಚಿತ್ರ ನೋಡಿ. ಆತ್ಮರಕ್ಷಣೆಯ 38ನೇ ಸೆಕ್ಷನ್ನಿನಲ್ಲಿ ‘ಅಸ್ವಾಭಾವಿಕ ಕಾಮ’ಕ್ಕಾಗಿ ಮೇಲೆ ಬಿದ್ದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ತಪ್ಪಿಲ್ಲ ಎಂದು ಈಗಲೂ ಇದೆ. ತಪ್ಪಿಸಿಕೊಳ್ಳಲು ಕೊಲ್ಲಬಹುದು. ತಪ್ಪಿಸಿಕೊಳ್ಳಲಾಗದಿದ್ದರೆ ದೂರಿಗೆ ತಕ್ಕ ಸೆಕ್ಷನ್ ಇಲ್ಲ.

ಈ ಚರ್ಚೆ ನಡೆದಾಗೆಲ್ಲ ಸುಳ್ಳು ಕೇಸುಗಳ ಸಿಟ್ಟು ನಡುವೆ ಬಂದು ಕೂರುತ್ತದೆ. ‘ಹೆಂಗಸರಿಗೂ ಗೊತ್ತಾಗಲಿ’ ಎಂಬ ಧಾಟಿಯಲ್ಲಿ ಲಿಂಗ ತಟಸ್ಥ ಕಾನೂನು ಕೇಳುವವರೇ ಜಾಸ್ತಿ. ಬಲಾತ್ಕಾರಕ್ಕೆ ಒಳಗಾದ ಗಂಡಸಿಗೆ ಅದರಿಂದ ಏನೂ ಸಿಗುವುದಿಲ್ಲ. ಅವನಿಗೆ ಬೇಕಿರುವುದು ವರ್ಮಾ ಸಮಿತಿ ಹೇಳಿದಷ್ಟೇ, ಸಂತ್ರಸ್ತರ ಜಾಗದಲ್ಲಿ ‘ವ್ಯಕ್ತಿ’ ಎಂದು ಬರೆಯುವುದು. ಹೆಂಗಸನ್ನು ಆರೋಪಿ ಮಾಡಬೇಕೇ ಎಂಬುದನ್ನು ಬೇರೆಯಾಗಿ, ಪೋಕ್ಸೊದ ಅನುಭವ ಇಟ್ಟುಕೊಂಡು ಚರ್ಚಿಸಬಹುದು. ಈ ಚರ್ಚೆಗೆ ಕಾಯಬಹುದು, ಸಂತ್ರಸ್ತರ ಜಾಗದ ತಿದ್ದುಪಡಿಗೆ ಕಾಯುವ ಕಾರಣ ಕಾಣುತ್ತಿಲ್ಲ.

ಈ ಖಾಲಿ ಜಾಗದ ಬಗ್ಗೆ ಬೇಗ ತೀರ್ಮಾನ ಮಾಡಿ ಎಂದು 2024ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು. ಅಕ್ಟೋಬರಿನಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಹೊಸ ಅಪರಾಧ ಸೃಷ್ಟಿಸುವುದು ನಮ್ಮ ಕೆಲಸವಲ್ಲ, ಸಂಸತ್ತಿನದು ಎಂದು ಅದು ಅರ್ಜಿ ವಜಾ ಮಾಡಿತು.