ಸಿಹಿ ಸಿರಪ್ಪಿನೊಳಗಿನ ಹುಳಿ

ಮಗುವಿಗೆ ಕೆಮ್ಮು. ರಾತ್ರಿ ಹಲ್ಲುಜ್ಜಿಸಿ, ಹೊದಿಕೆ ಹೊದಿಸಿ, ಕೊನೆಗೆ ಒಂದು ಮುಚ್ಚಳ ಸಿರಪ್ ಕುಡಿಸಿ ದೀಪ ಆರಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಇದೇ ರೂಢಿ, ಅಲ್ವಾ? ಹಲ್ಲಿನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ.

ಸಿರಪ್ಪಿನಲ್ಲಿ ಸಕ್ಕರೆ ಇರುವುದು ಎಲ್ಲರಿಗೂ ಗೊತ್ತು. ಹುಳಿ ಇರುವುದು ನಾಲಿಗೆಗೂ ಗೊತ್ತಾಗುವುದಿಲ್ಲ, ಸಿಹಿ ಅದನ್ನು ಮುಚ್ಚಿಬಿಡುತ್ತದೆ. ಎಷ್ಟೋ ಸಿರಪ್‌ಗಳಿಗೆ ಸಿಟ್ರಿಕ್ ಆಮ್ಲ ಹಾಕುತ್ತಾರೆ. ನಿಂಬೆಹಣ್ಣಿನಲ್ಲಿರುವುದೂ ಅದೇ. ಸುಮ್ನೆ ಹಾಕುವುದಲ್ಲ. ರುಚಿಗೆ ಬೇಕು, ಔಷಧಿ ಕೆಡದಿರಲೂ ಬೇಕು. ಸೋಡಿಯಂ ಬೆಂಜೊಯೇಟ್‌ನಂಥ ಸಂರಕ್ಷಕ ಚೆನ್ನಾಗಿ ಕೆಲಸ ಮಾಡುವುದು ಹುಳಿ ದ್ರವದಲ್ಲೇ.

ಹಲ್ಲಿನ ಹೊರಪದರ ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ತೂಕದಲ್ಲಿ ಸುಮಾರು 96% ಖನಿಜ. ಆದರೆ ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಖನಿಜ ಕರಗತೊಡಗುತ್ತದೆ. ಸಿಟ್ರಿಕ್ ಆಮ್ಲ ಇನ್ನೂ ಒಂದು ಹೆಜ್ಜೆ ಮುಂದೆ: ಕ್ಯಾಲ್ಸಿಯಂ ಅನ್ನೇ ಹಿಡಿದು ಎಳೆದುಕೊಳ್ಳುತ್ತದೆ. ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ಉಜ್ಜಿದರೆ ಕಿಲುಬು ಹೋಗುತ್ತದೆ. ಹಲ್ಲಿನ ವಿಷಯದಲ್ಲಿ ಸವೆಯುವುದು ಚೊಂಬೇ.

ಇದು ಹುಳುಕಲ್ಲ. ಹುಳುಕಿನಲ್ಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಇಲ್ಲಿ ಆಮ್ಲ ಬಾಟಲಿಯಿಂದಲೇ ನೇರ ಬರುತ್ತದೆ. ಹಾಗಾಗಿ ಸಕ್ಕರೆರಹಿತ ಎಂದು ಬರೆದಿದ್ದರೂ ಪೂರ್ತಿ ನಂಬುವಂತಿಲ್ಲ. ಸಕ್ಕರೆಯೂ ಇದ್ದರೆ ಎರಡೂ ಕಡೆಯಿಂದ ಪೆಟ್ಟು.

ಹಗಲಲ್ಲಾದರೆ ಎಂಜಲು ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಒಂದಷ್ಟು ತುಂಬುತ್ತದೆ. ನಿದ್ದೆಯಲ್ಲಿ ಎಂಜಲು ಊರುವುದು ತೀರಾ ಕಡಿಮೆ. ಕೆಲವು ಅಲರ್ಜಿ ಔಷಧಿಗಳು ಬಾಯನ್ನು ಮತ್ತಷ್ಟು ಒಣಗಿಸುತ್ತವೆ. ಸಾಲದ್ದಕ್ಕೆ, ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದ್ದಕ್ಕಿಂತ ತೆಳು.

ಐದು ದಿನದ ಜ್ವರದ ಔಷಧಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಸ್ತಮಾ, ಅಪಸ್ಮಾರ ಅಂತ ತಿಂಗಳುಗಟ್ಟಲೆ ಸಿರಪ್ ಕುಡಿಯುವ ಮಕ್ಕಳದ್ದೇ ಚಿಂತೆ. ಹಾಗಂತ ಔಷಧಿ ನಿಲ್ಲಿಸಬೇಡಿ, ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ರಾತ್ರಿ ಊಟದ ಜೊತೆಗೇ ಕೊಡಲು ಬಂದರೆ ಒಳ್ಳೆಯದು. ಆಮೇಲೆ ನೀರು ಕುಡಿಸಿ. ಆದರೆ ತಕ್ಷಣ ಬ್ರಷ್ ಬೇಡ, ಮೆತ್ತಗಾದ ಎನಾಮಲ್ ಬ್ರಷ್ಷಿಗೇ ಸವೆಯುತ್ತದೆ. ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿಸಿ.

ಇನ್ನೊಂದು ಅಭ್ಯಾಸ ನೋಡಿದ್ದೇನೆ. ಔಷಧಿ ಕಹಿ ಅಂತ ಕಿತ್ತಳೆ ರಸದಲ್ಲಿ ಬೆರೆಸಿ, ಬಾಟಲಿಗೆ ತುಂಬಿ ಮಗುವಿನ ಕೈಗೆ ಕೊಡುವುದು. ಅದು ಅರ್ಧ ಗಂಟೆ ಚೀಪುತ್ತದೆ. ಪಾಪ, ಹುಳಿಗೆ ಹುಳಿ ಸೇರಿಸಿದ್ದೇವೆ ಅಂತ ಅಜ್ಜಿಗೆ ಹೇಗೆ ಗೊತ್ತಾಗಬೇಕು?