ಅಟ್ಟದ ಮೇಲಿನ 486ರಲ್ಲಿ ಈಗಿನ ಆಟ ಓಡುತ್ತದೆಯೇ?

ಪ್ರಶ್ನೆ: ಅಪ್ಪ 1995ರಲ್ಲಿ ಕೊಂಡ 486 ಕಂಪ್ಯೂಟರ್ ಬಸವನಗುಡಿಯ ನಮ್ಮ ಮನೆಯ ಅಟ್ಟದಲ್ಲಿದೆ. ಹೊಸ ಆಟಗಳನ್ನು ಬರೆಯಲು ಬಳಸುವ ಲೈಬ್ರರಿಗಳನ್ನು (ಸಿದ್ಧ ಪ್ರೋಗ್ರಾಂ ತುಣುಕುಗಳ ಕಟ್ಟುಗಳನ್ನು) ಹವ್ಯಾಸಿಗಳು ಇಂಥ ಹಳೆಯ ಯಂತ್ರಗಳಿಗೂ ಅಳವಡಿಸುತ್ತಿದ್ದಾರಂತೆ. ಹಾಗಾದರೆ ಈಗಿನ ಆಟಗಳನ್ನು ಅದರಲ್ಲಿ ಆಡಬಹುದೇ?

ಉತ್ತರ: ದೊಡ್ಡ ಆಟ ಓಡುವುದಿಲ್ಲ, ಸಣ್ಣ ಆಟ ಓಡುತ್ತದೆ. ಯಾವುದು ದೊಡ್ಡದು, ಯಾವುದು ಸಣ್ಣದು ಎಂಬುದು ಮಾತ್ರ ಲೈಬ್ರರಿಯ ಕೈಯಲ್ಲಿಲ್ಲ. ಈ ಪ್ರಶ್ನೆ ಕೇಳುವವರೆಲ್ಲ ಎಡವುವುದು ಇಲ್ಲಿಯೇ.

ಎಸ್‌ಡಿಎಲ್ ಎಂಬ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಆರಂಭಿಸಿದ್ದು. ಇದು ದುಭಾಷಿಯ ಕೆಲಸ ಮಾಡುತ್ತದೆ. ಆಟ ಬರೆಯುವವರು ‘ಈ ಚಿತ್ರ ತೋರಿಸು, ಈ ಸದ್ದು ಮಾಡು, ಯಾವ ಕೀಲಿ ಒತ್ತಿದರು ಹೇಳು’ ಎಂದು ಅದಕ್ಕೆ ಹೇಳಿದರೆ ಸಾಕು. ವಿಂಡೋಸ್‌ಗೋ ಲಿನಕ್ಸ್‌ಗೋ ಮೊಬೈಲ್‌ಗೋ ಅರ್ಥವಾಗುವ ಹಾಗೆ ತಿಳಿಸುವುದು ಅದರ ಹೊಣೆ. 1.2 ಆವೃತ್ತಿಯಲ್ಲಿ ಅಟಾರಿ, ಹಳೆಯ ಮ್ಯಾಕಿಂತೋಷ್‌ಗಳಿಗೂ ಜಾಗವಿತ್ತು. 2013ರಲ್ಲಿ 2.0 ಬಂದಾಗ ಅವು ಹೊರಬಿದ್ದವು. ಹೊರಬಿದ್ದವುಗಳಿಗೆ ಮತ್ತೆ ಜಾಗ ಮಾಡಿಕೊಡುವುದೇ ಈ ಹವ್ಯಾಸಿಗಳ ಕೆಲಸ.

ಕೆಲಸ ಶುರುವಾಗುವ ಬಗೆ ಸೊಗಸಾಗಿದೆ. ಎಸ್‌ಡಿಎಲ್‌ನ ಮೂಲ ಸಂಕೇತದಲ್ಲಿ ಚಿತ್ರದ ವಿಭಾಗಕ್ಕೆ ಹೋದರೆ ಒಂದೊಂದು ವ್ಯವಸ್ಥೆಗೂ ಒಂದೊಂದು ಫೋಲ್ಡರ್ ಕಾಣುತ್ತದೆ. ಅವುಗಳ ನಡುವೆ ‘ಡಮ್ಮಿ’ ಎಂಬುದೂ ಒಂದು. ಅದು ಪರದೆಯ ಮೇಲೆ ಒಂದು ಚುಕ್ಕಿಯನ್ನೂ ಮೂಡಿಸುವುದಿಲ್ಲ. ಏನು ಕೇಳಿದರೂ ‘ಆಯಿತು’ ಎಂದು ತಲೆಯಾಡಿಸುತ್ತದೆ. ಲೈಬ್ರರಿಯನ್ನು ಇನ್ನೊಂದು ಬಗೆಯ ಯಂತ್ರಕ್ಕೆ ಒಯ್ಯುವವರು ಮೊದಲು ಇದನ್ನೇ ನಕಲು ಮಾಡಿಕೊಳ್ಳುತ್ತಾರೆ. ಪ್ರೋಗ್ರಾಂ ಕಂಪೈಲ್ ಆಗುತ್ತದೆ (ಯಂತ್ರಕ್ಕೆ ತಿಳಿಯುವ ಭಾಷೆಗೆ ಬದಲಾಗುತ್ತದೆ), ಓಡುತ್ತದೆ, ಪರದೆ ಕಪ್ಪಗೇ ಇರುತ್ತದೆ. ಆ ಕಪ್ಪು ಪರದೆಯನ್ನು ಕಂಡು ಕುಣಿಯುವಷ್ಟು ಸಂತೋಷಪಡುವ ಜನ ಇವರು. ಅನಂತರ ಆ ಸುಳ್ಳು ‘ಆಯಿತು’ಗಳನ್ನು ಒಂದೊಂದಾಗಿ ನಿಜ ಮಾಡುತ್ತಾ ಹೋಗಬೇಕು.

ನಿಜ ಮಾಡಲು ಹೊರಟಾಗ ಲೆಕ್ಕ ಎದುರಿಗೆ ನಿಲ್ಲುತ್ತದೆ. ನಿಮ್ಮ 486ಕ್ಕಿಂತಲೂ ಹಳೆಯ, 1987ರ ಅಮಿಗಾ 500 ಎಂಬ ಮನೆಬಳಕೆಯ ಕಂಪ್ಯೂಟರಿನ ಮೋಟೊರೊಲಾ 68000 ಪ್ರೊಸೆಸರ್ ಸೆಕೆಂಡಿಗೆ ಸುಮಾರು 70 ಲಕ್ಷ ಸಲ ಮಿಡಿಯುತ್ತದೆ. ಯುರೋಪಿನ ಟಿವಿಗಳಂತೆ ಸೆಕೆಂಡಿಗೆ 50 ಚಿತ್ರ ತೋರಿಸಬೇಕೆಂದರೆ ಒಂದು ಚಿತ್ರಕ್ಕೆ ದಕ್ಕುವುದು ಹತ್ತಿರ ಹತ್ತಿರ 1,40,000 ಮಿಡಿತ. 320×200 ಅಳತೆಯ ಪರದೆಯಲ್ಲಿ 64,000 ಚುಕ್ಕಿಗಳಿವೆ. ಅಂದರೆ ಚುಕ್ಕಿಗೆ ಎರಡು ಚಿಲ್ಲರೆ ಮಿಡಿತ. ಆ ಪ್ರೊಸೆಸರಿನ ಅತಿ ಚಿಕ್ಕ ಆದೇಶಕ್ಕೇ ನಾಲ್ಕು ಮಿಡಿತ ಬೇಕು! ಈಗಿನ ಆಟಗಳು ಪ್ರತಿ ಸಲವೂ ಇಡೀ ಪರದೆಯನ್ನು ಒರೆಸಿ ಹೊಸದಾಗಿ ಬರೆಯುತ್ತವೆ. ಲೈಬ್ರರಿಯನ್ನು ಎಷ್ಟೇ ಜಾಣತನದಿಂದ ಅಳವಡಿಸಿದರೂ ಈ ಭಾಗಾಕಾರವನ್ನು ಮೀರಲಾಗದು. ನಮ್ಮ ಈಗಿನ ಪರದೆಗಳ 1920×1080ರ ಒಂದೇ ಒಂದು ಚಿತ್ರಕ್ಕೆ ಸುಮಾರು 80 ಲಕ್ಷ ಬೈಟ್ ಬೇಕು. ಅಮಿಗಾ 500 ಅಂಗಡಿಯಿಂದ ಬಂದದ್ದು 512 ಕಿಲೋಬೈಟ್‌ನೊಂದಿಗೆ.

ನಿಮ್ಮ 486 ಇದಕ್ಕಿಂತ ಬಹಳ ಗಟ್ಟಿ. ಆದರೂ ಮೊದಲು ಪ್ರೊಸೆಸರಿನ ಮೇಲಿನ ಅಕ್ಷರ ಓದಿ. ‘ಡಿಎಕ್ಸ್’ ಎಂದಿದ್ದರೆ ದಶಮಾಂಶದ ಲೆಕ್ಕ ಮಾಡುವ ಭಾಗ ಒಳಗೇ ಇದೆ. ‘ಎಸ್‌ಎಕ್ಸ್’ ಆದರೆ ಇಲ್ಲ. ಇದು ಯಾಕೆ ಮುಖ್ಯವೆಂದರೆ, 2025ರ ಜನವರಿಯಲ್ಲಿ ಸ್ಥಿರ ಆವೃತ್ತಿಯಾಗಿ ಬಂದ ಎಸ್‌ಡಿಎಲ್ 3ರಲ್ಲಿ ಚಿತ್ರ ಎಲ್ಲಿ ಕೂರಬೇಕು, ಮೌಸ್ ಎಲ್ಲಿದೆ ಎಂಬುದನ್ನೂ ದಶಮಾಂಶದಲ್ಲೇ ಹೇಳಬೇಕು. ಇಂದಿನ ಯಂತ್ರಕ್ಕೆ ಅದು ಉಸಿರಾಟದಷ್ಟು ಸಲೀಸು. ಆ ಭಾಗವಿಲ್ಲದ ಯಂತ್ರ ಪ್ರತಿಯೊಂದು ದಶಮಾಂಶವನ್ನೂ ಬೆರಳೆಣಿಸಿ ಕೂಡುತ್ತದೆ.

ನನ್ನ ಅನುಭವ ಹೇಳಿಬಿಡುತ್ತೇನೆ. ನನ್ನಲ್ಲಿಯೂ 66 ಮೆಗಾಹರ್ಟ್ಸ್‌ನ ಒಂದು 486 ಇದೆ. ಅದರಲ್ಲಿ ಚೌಕಾಬಾರ ಆಡಬೇಕೆಂಬ ಹುಚ್ಚು ಹತ್ತಿತು. ಬಳಸಿದ್ದು ಅಲೆಗ್ರೋ 4 ಲೈಬ್ರರಿ. ಹುಟ್ಟಿದ್ದು ಅಟಾರಿಯಲ್ಲಿ, ಬೆಳೆದದ್ದು ಆ ಕಾಲದ ಪಿಸಿಗಳನ್ನು ನಡೆಸುತ್ತಿದ್ದ ಡಾಸ್ ವ್ಯವಸ್ಥೆಯಲ್ಲಿ, ಐದನೆಯ ಆವೃತ್ತಿಯ ಹೊತ್ತಿಗೆ ಡಾಸನ್ನೇ ಬಿಟ್ಟುಬಿಟ್ಟದ್ದು. ಕಂಪೈಲರ್, ಡಿ.ಜೆ. ಡೆಲೋರಿ 1989ರಲ್ಲಿ ಡಾಸ್‌ಗೆ ತರಲು ಆರಂಭಿಸಿದ ಡಿಜೆಜಿಪಿಪಿ. ಹೊಸ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಹಳೆಯ ಯಂತ್ರಕ್ಕೆ ಒಯ್ದೆ. ಮೊದಲ ಸಲ ಬಂದದ್ದು ‘ಕಡತ ಇಲ್ಲ’ ಎಂಬ ಉತ್ತರ. ನಾನು ಚಿತ್ರಗಳಿಗೆ ‘ಕವಡೆಗಳು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಉದ್ದುದ್ದ ಹೆಸರಿಟ್ಟಿದ್ದೆ. ಡಾಸ್‌ಗೆ ಎಂಟಕ್ಷರದ ಹೆಸರು, ಮೂರಕ್ಷರದ ಬಾಲ, ಅಷ್ಟೇ. ಉಳಿದದ್ದನ್ನು ಕತ್ತರಿಸಿತ್ತು. ಒಂದು ಭಾನುವಾರ ಹೋದದ್ದು ಇದಕ್ಕೆ.

ಇನ್ನೊಂದು ಭಾನುವಾರ ಅಕ್ಷರಗಳಿಗೆ ಹೋಯಿತು. ಕನ್ನಡದ ಒತ್ತಕ್ಷರ ಕೂಡಬೇಕಾದರೆ ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ಎಂದು ತೀರ್ಮಾನಿಸುವ ಇನ್ನೊಂದು ಲೈಬ್ರರಿ ಬೇಕು. ಇಂದು ಆ ಕೆಲಸವನ್ನು ಹೆಚ್ಚಾಗಿ ಹಾರ್ಫ್‌ಬಜ್ ಮಾಡುತ್ತದೆ. ಅದಿಲ್ಲದೆ ‘ಗೆದ್ದಿರಿ’ ಎಂದು ಬರೆಸಿದರೆ ಎರಡು ದಕಾರಗಳು ಮುನಿಸಿಕೊಂಡ ಅಣ್ಣತಮ್ಮಂದಿರಂತೆ ಅಕ್ಕಪಕ್ಕ ನಿಲ್ಲುತ್ತವೆ. 1980ರ ದಶಕದಲ್ಲಿ ಇದಕ್ಕೆಂದೇ ಪಿಸಿಗೆ ಸಿಕ್ಕಿಸುವ ಜಿಸ್ಟ್ ಕಾರ್ಡ್ ಇತ್ತು. ನಾನು ಹಿಡಿದದ್ದು ಕಳ್ಳದಾರಿ: ಬೇಕಾದ ಹನ್ನೆರಡು ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಚಿತ್ರವಾಗಿ ಬರೆದುಕೊಂಡು ಒಯ್ದೆ.

ಆಟ ಮಾತ್ರ ಲೀಲಾಜಾಲವಾಗಿ ಓಡಿತು. ಕಾರಣ, ಚೌಕಾಬಾರದ 25 ಮನೆಗಳಲ್ಲಿ ಒಂದು ಕಾಯಿ ನಡೆಸಿದರೆ ಬದಲಾಗುವುದು ಎರಡೇ ಮನೆ. 32×32 ಚುಕ್ಕಿಗಳ ಎರಡು ಮನೆ ಎಂದರೆ 2,048 ಚುಕ್ಕಿ. ಇಡೀ ಪರದೆಯ ಮೂವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಸಣ್ಣ ಆಟ ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ. ಬದಲಾದಷ್ಟನ್ನೇ ಬರೆಯುವ ಆಟ ನಿಮ್ಮ ಯಂತ್ರದಲ್ಲಿ ಓಡುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳುವವರಿದ್ದಾರೆ. ಮೈಸೂರಿನಲ್ಲಿ ತಯಾರಾದ ಜಾವಾ ಬೈಕನ್ನು ಇಂದಿಗೂ ಒರೆಸಿ ಓಡಿಸುವವರನ್ನು ಬೆಂಗಳೂರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಒಂದು ಉಪಯೋಗವಂತೂ ಇದೆ: 68000 ಮತ್ತು ಇಂಟೆಲ್ ಪ್ರೊಸೆಸರುಗಳು ದೊಡ್ಡ ಸಂಖ್ಯೆಯ ಬೈಟುಗಳನ್ನು ಪರಸ್ಪರ ತಿರುಗುಮುರುಗಾಗಿ ಇಡುತ್ತವೆ. ಇಂಟೆಲ್‌ನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದ ತಪ್ಪು ಅಮಿಗಾದಲ್ಲಿ ಕೆಂಪು ಮುಖವನ್ನು ನೀಲಿ ಮಾಡಿ ತೋರಿಸಿಬಿಡುತ್ತದೆ.

ಈಗ ನಿಮ್ಮ ಅಟ್ಟಕ್ಕೆ ಬರೋಣ. ಯಂತ್ರ ಇಳಿಸಿದ ತಕ್ಷಣ ಕರೆಂಟು ಕೊಡಬೇಡಿ. ಮುಚ್ಚಳ ತೆಗೆದು ಮದರ್‌ಬೋರ್ಡಿನ ಬ್ಯಾಟರಿ ನೋಡಿ. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಪೀಪಾಯಿಯಾಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು. ನನ್ನದನ್ನು ಎಸ್.ಪಿ. ರಸ್ತೆಯ ಮಹಡಿ ಅಂಗಡಿಯೊಂದರಲ್ಲಿ ಬಿಚ್ಚಿದಾಗ ರಿಪೇರಿಯವರು ದೀಪ ಹತ್ತಿರ ಹಿಡಿದು, “ಬ್ಯಾಟರಿ ಕಕ್ಕಿಕೊಂಡಿದೆ ಸಾರ್” ಎಂದರು. ಸುತ್ತಲಿನ ತಾಮ್ರದ ಗೆರೆಗಳ ಮೇಲೆ ನೀಲಿ-ಹಸಿರು ಹಕ್ಕಳೆ ಕಟ್ಟಿತ್ತು. ಸೋರಿದ್ದು ಕ್ಷಾರ, ಅದನ್ನು ಅವರು ತೊಳೆದದ್ದು ಪಕ್ಕದ ಜ್ಯೂಸ್ ಅಂಗಡಿಯಿಂದ ತರಿಸಿದ ನಿಂಬೆಹಣ್ಣಿನಿಂದ. ತುಂಡಾಗಿದ್ದ ಎರಡು ಗೆರೆಗಳಿಗೆ ತಂತಿ ಬೆಸೆದರು.

ನಿಮ್ಮ ಯಂತ್ರ ಸಿದ್ಧವಾಗುವವರೆಗೆ, ಹೊಸ ಕಂಪ್ಯೂಟರಿನೊಳಗೆ ಹಳೆಯದನ್ನು ಅನುಕರಿಸುವ ಡಾಸ್‌ಬಾಕ್ಸ್ ಎಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ತಮಾಷೆಯೆಂದರೆ ಡಾಸ್‌ಬಾಕ್ಸ್ ನಿಂತಿರುವುದೇ ಎಸ್‌ಡಿಎಲ್ ಮೇಲೆ. ಆದರೆ ಅಲ್ಲಿ ಸರಿಯಾಗಿದ್ದದ್ದೆಲ್ಲ ನಿಜವಾದ ಯಂತ್ರದಲ್ಲಿ ಸರಿಯಾಗಿರುತ್ತದೆ ಎಂದು ನಂಬಬೇಡಿ. ನನ್ನ ಚೌಕಾಬಾರದಲ್ಲಿ ಕವಡೆ ಉರುಳುವ ಸದ್ದು ಈಗಲೂ ಅರೆಕ್ಷಣ ತಡವಾಗಿ ಬರುತ್ತದೆ, ಪರದೆಯ ಮೇಲೆ ಗರ ಬಿದ್ದಾದ ಮೇಲೆ. ಎರಡು ಸಲ ಸೋತ ನಮ್ಮ ಸೋದರತ್ತೆ, ಯಂತ್ರ ಮೊದಲೇ ಎಣಿಸಿಟ್ಟುಕೊಂಡು ಆಮೇಲೆ ಕವಡೆ ಹಾಕುತ್ತಿದೆ ಎಂದು ದೂರುತ್ತಾರೆ.