ಪದ ಪರಿಚಯ: ಗ್ರಾಮ ಆರೋಗ್ಯ ಸಮಿತಿ

ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಂಪೌಂಡಿಗೆ ಸುಣ್ಣ ಹೊಡೆಸಿದರೆ ಅದು ‘ಗ್ರಾಮ ಆರೋಗ್ಯ ಸಮಿತಿ’ಯ ಕೆಲಸ ಎನ್ನುತ್ತಾರೆ. ಯಾವುದೋ ಟ್ರಸ್ಟಿನವರು ಕಣ್ಣಿನ ತಪಾಸಣೆ ಶಿಬಿರ ಮಾಡಿದರೆ ಅದಕ್ಕೂ ಇದೇ ಹೆಸರು. ಪಂಚಾಯಿತಿಯವರು ಸಂಜೆ ಸೊಳ್ಳೆಗೆ ಹೊಗೆ ಬಿಟ್ಟರೆ ಅದಕ್ಕೂ ಇದೇ. ಸುದ್ದಿ ಬರೆಯುವವರು, ವೇದಿಕೆ ಮೇಲೆ ಮಾತಾಡುವವರು, ಕೆಲವು ಸಲ ಇಲಾಖೆಯ ನೌಕರರು ಕೂಡ ಈ ಹೆಸರನ್ನು ಕಂಡಕಂಡದ್ದಕ್ಕೆಲ್ಲ ಅಂಟಿಸುತ್ತಾರೆ. ಹೆಸರು ತಪ್ಪಿದರೇನು ಎಂದು ಬಿಡುವ ಹಾಗಿಲ್ಲ. ಯಾವ ಸಮಿತಿಯನ್ನು ಯಾವುದಕ್ಕೆ ಕೇಳಬೇಕು ಎಂದು ಊರವರಿಗೆ ಗೊತ್ತಾಗದಿದ್ದರೆ ಯಾರೂ ಕೇಳುವುದಿಲ್ಲ, ಕೇಳುವವರಿಲ್ಲದ ಸಮಿತಿ ನಡಾವಳಿ ಪುಸ್ತಕದಲ್ಲಷ್ಟೇ ಸಭೆ ಸೇರುತ್ತದೆ.

ಪೂರ್ತಿ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಆರೋಗ್ಯ ಮತ್ತು ನೈರ್ಮಲ್ಯ ಎರಡೇ ಇದ್ದವು, ಪೌಷ್ಟಿಕತೆ ಸೇರಿದ್ದು 2011ರಲ್ಲಿ. ಕಂದಾಯ ಗ್ರಾಮಕ್ಕೊಂದು ಸಮಿತಿ. ರಾಷ್ಟ್ರೀಯ ಮಾರ್ಗಸೂಚಿಯಂತೆ ಕನಿಷ್ಠ 15 ಸದಸ್ಯರು, ಅವರಲ್ಲಿ ಅರ್ಧದಷ್ಟಾದರೂ ಹೆಂಗಸರು. ಆ ಊರಿನಿಂದ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ತಿಂಗಳಿಗೊಂದು ಸಭೆ. ಮುಖ್ಯವಾದ ಮಾತು ಇದು: ಸಮಿತಿ ಗ್ರಾಮ ಪಂಚಾಯಿತಿಯ ಅಂಗವಾಗಿ ಕೆಲಸ ಮಾಡಬೇಕು. ಆರೋಗ್ಯ ಇಲಾಖೆ ಹಣ ಕೊಡುತ್ತದೆ, ತರಬೇತಿ ಕೊಡುತ್ತದೆ. ಅಷ್ಟರಿಂದ ಸಮಿತಿ ಇಲಾಖೆಯದಾಗುವುದಿಲ್ಲ.

ಇದರ ಜೊತೆ ಕಲೆಸಿಹೋಗುವ ಹೆಸರುಗಳಲ್ಲಿ ಮೊದಲನೆಯದು ಆರೋಗ್ಯ ರಕ್ಷಾ ಸಮಿತಿ. ಅದು ಆಸ್ಪತ್ರೆಗೆ ಸೇರಿದ್ದು. ಹಾಸಿಗೆ, ಜನರೇಟರ್, ಶೌಚಾಲಯದ ದುರಸ್ತಿ, ಬಳಕೆದಾರರ ಶುಲ್ಕದ ಲೆಕ್ಕ ಎಲ್ಲ ಅದರ ವ್ಯಾಪ್ತಿ. ಉತ್ತರದ ರಾಜ್ಯಗಳಲ್ಲಿ ಅದಕ್ಕೆ ರೋಗಿ ಕಲ್ಯಾಣ ಸಮಿತಿ ಎನ್ನುತ್ತಾರೆ, 1990ರ ದಶಕದಲ್ಲಿ ಇಂದೋರಿನ ಮಹಾರಾಜಾ ಯಶವಂತರಾವ್ ಆಸ್ಪತ್ರೆಯಲ್ಲಿ ಹುಟ್ಟಿದ ಪದ್ಧತಿ ಅದು. ಆಸ್ಪತ್ರೆಗೆ ಬಂದ ರೋಗಿಯನ್ನು ನೋಡಿಕೊಳ್ಳುವುದು ಆರೋಗ್ಯ ರಕ್ಷಾ ಸಮಿತಿ, ಊರಲ್ಲಿ ರೋಗ ಏಳದಂತೆ ನೋಡುವುದು ಗ್ರಾಮ ಆರೋಗ್ಯ ಸಮಿತಿ. ಮಹಿಳಾ ಆರೋಗ್ಯ ಸಮಿತಿ ಇರುವುದು ಪೇಟೆಯ ಕೊಳೆಗೇರಿಗಳಲ್ಲಿ: 50ರಿಂದ 100 ಮನೆಗೆ ಒಂದು, ವರ್ಷಕ್ಕೆ 5,000 ರೂಪಾಯಿ. ಪಂಚಾಯತ್ ರಾಜ್ ಕಾಯ್ದೆಯ ಸ್ಥಾಯಿ ಸಮಿತಿಗಳು ಇಡೀ ಪಂಚಾಯಿತಿಗೆ ಸೇರಿದವು. ಕೊರೊನಾ ಕಾಲದಲ್ಲಿ ಮಾಡಿದ ಪಂಚಾಯಿತಿ ಕಾರ್ಯಪಡೆಯೂ ಬೇರೆ.

‘ಸಮಿತಿ’ಯ ಬೇರು ಸಂಸ್ಕೃತದ್ದು: ಸಮ್, ಅದಕ್ಕೆ ‘ಇ’ ಎಂಬ ಧಾತು, ಹೋಗು ಎಂಬ ಅರ್ಥ. ಒಟ್ಟಿಗೆ ಬಂದು ಸೇರುವುದು. ಋಗ್ವೇದದ ಕಾಲದಿಂದ ಜನ ಕೂಡುವ ಸಭೆಗೆ ಈ ಮಾತು ಬಳಕೆಯಲ್ಲಿದೆ. ಕನ್ನಡ ನಾಡಿಗೆ ಹತ್ತಿರವಾದ ಇನ್ನೊಂದು ಅರ್ಥ ಜೈನರಲ್ಲಿದೆ. ಮುನಿಗಳು ಪಾಲಿಸುವ ಪಂಚ ಸಮಿತಿಗಳಲ್ಲಿ, ಅಂದರೆ ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗಗಳಲ್ಲಿ, ಸಮಿತಿ ಎಂದರೆ ಎಚ್ಚರದ ನಡವಳಿಕೆ. ಕೊನೆಯ ಉತ್ಸರ್ಗ ಸಮಿತಿಯಂತೂ ಮಲಮೂತ್ರವನ್ನು ಜೀವಿಗಳಿಗೆ ತೊಂದರೆಯಾಗದ ಜಾಗ ನೋಡಿ ವಿಸರ್ಜಿಸಬೇಕೆಂಬ ನಿಯಮ. ನೈರ್ಮಲ್ಯದ ಸಮಿತಿಗೆ ಈ ಎರಡು ಅರ್ಥಗಳೂ ಬೇಕು, ಸೇರುವುದೂ ಎಚ್ಚರವಾಗಿರುವುದೂ. ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಲು ಪುಸ್ತಕ ಮನೆಮನೆಗೆ ಕಳಿಸಿದರೆ ಎರಡೂ ಇರುವುದಿಲ್ಲ.

ಇನ್ನು ‘ಮುಕ್ತ ನಿಧಿ’. ಅತಿ ಹೆಚ್ಚು ಗೊಂದಲ ಹುಟ್ಟಿಸಿರುವ ಮಾತು ಇದೇ, ಆದ್ದರಿಂದ ಬಿಡಿಸಿ ಹೇಳಬೇಕು. ಸಮಿತಿಗೆ ಮೊದಲಿಂದ ಗೊತ್ತುಮಾಡಿದ ಮೊತ್ತ ವರ್ಷಕ್ಕೆ 10,000 ರೂಪಾಯಿ. ಇಂಗ್ಲಿಷಿನಲ್ಲಿ ಅನ್‌ಟೈಡ್, ಅಂದರೆ ಯಾವುದೇ ಲೆಕ್ಕಶೀರ್ಷಿಕೆಗೆ ಕಟ್ಟಿಹಾಕದ ಹಣ. ಲಸಿಕೆಗೆ ಬಂದ ಹಣವನ್ನು ಲಸಿಕೆಗೇ ಹಾಕಬೇಕು, ಈ ಹಣಕ್ಕೆ ಅಂಥ ಗಂಟಿಲ್ಲ. ಈ ವರ್ಷ ಊರಿಗೆ ಏನು ತುರ್ತೋ ಅದಕ್ಕೆ ಹಾಕಬಹುದು. ಸ್ವಾತಂತ್ರ್ಯ ಅಷ್ಟಕ್ಕೇ. ಠರಾವು ಬೇಡ, ವೋಚರ್ ಬೇಡ, ಅಧ್ಯಕ್ಷರ ಇಷ್ಟ ಎಂಬ ಅರ್ಥ ಅದಕ್ಕಿಲ್ಲ. ಖಾತೆ ಅಧ್ಯಕ್ಷರು ಮತ್ತು ಆಶಾ ಇಬ್ಬರ ಹೆಸರಲ್ಲಿ ಜಂಟಿಯಾಗಿರುತ್ತದೆ. ಸಭೆಯಲ್ಲಿ ತೀರ್ಮಾನವಾಗಬೇಕು, ನಡಾವಳಿಯಲ್ಲಿ ಬರೆಯಬೇಕು, ಬಿಲ್ಲು ಇಡಬೇಕು, ನಗದು ಪುಸ್ತಕಕ್ಕೆ ಏರಿಸಬೇಕು, ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಮತ್ತು ಗ್ರಾಮ ಸಭೆಯ ಮುಂದೆ ಇಡಬೇಕು.

ಎರಡನೆಯ ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ಹತ್ತು ಸಾವಿರದಲ್ಲಿ ಊರು ಸ್ವಚ್ಛವಾಗುವುದು ಹೇಗೆ ಎಂದು ಕೇಳುತ್ತಾರೆ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬೇರೆ ಇಲಾಖೆಯಲ್ಲಿ ಅಥವಾ ಪಂಚಾಯಿತಿಯಲ್ಲಿ ಹಣವಿರುವ ಕೆಲಸಕ್ಕೆ ಇದನ್ನು ಬಳಸಬಾರದು ಎಂದೇ ಮಾರ್ಗಸೂಚಿ ಹೇಳುತ್ತದೆ. ಚರಂಡಿ ಕಟ್ಟಿಸಲು ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನವಿದೆ, ಅಂಗನವಾಡಿಯ ಅಕ್ಕಿಬೇಳೆಗೆ ಇನ್ನೊಂದು ಇಲಾಖೆಯಿದೆ, ಪೈಪಿಗೆ ಮತ್ತೊಂದು. ಈ ಮೂವರೂ ಒಂದೇ ಊರಿಗೆ ಕೆಲಸ ಮಾಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಉಪಕೇಂದ್ರದ ಸಿಸ್ಟರ್, ಸ್ತ್ರೀಶಕ್ತಿ ಸಂಘದವರು, ಪಂಚಾಯಿತಿ ಸದಸ್ಯರು ತಿಂಗಳಿಗೊಮ್ಮೆ ಒಂದೇ ಚಾಪೆಯ ಮೇಲೆ ಕೂರುವುದೇ ಸಮಿತಿಯ ನಿಜವಾದ ಬಂಡವಾಳ. ಹತ್ತು ಸಾವಿರ ಇರುವುದು ಆ ಚಾಪೆಯಿಂದ ಎದ್ದ ಸಣ್ಣ ತುರ್ತುಗಳಿಗೆ: ಬಡವರ ಮನೆಯ ಬಾಣಂತಿಯನ್ನು ರಾತ್ರಿ ಆಸ್ಪತ್ರೆಗೆ ಸಾಗಿಸಲು, ಒಡೆದ ವಾಲ್ವ್ ಚೇಂಬರಿಗೆ ಮುಚ್ಚಳ ಹಾಕಿಸಲು.

ಎಷ್ಟೋ ಕಡೆ ಈ ಹಣ ಹೋಗುವುದು ಬ್ಲೀಚಿಂಗ್ ಪೌಡರಿಗೆ, ಅದೂ ರಸ್ತೆಯ ಬದಿಗೆ ಬಿಳಿ ಗೆರೆ ಎಳೆಯಲು. ದಯವಿಟ್ಟು ಇದನ್ನು ನಿಲ್ಲಿಸಬೇಕು. ಒಣ ನೆಲದ ಮೇಲೆ ಚೆಲ್ಲಿದ ಪುಡಿಯ ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಚರಂಡಿಗೆ ಬಿದ್ದದ್ದನ್ನು ಅಲ್ಲಿನ ಕೊಳೆ ಆ ಕ್ಷಣವೇ ನುಂಗಿಹಾಕುತ್ತದೆ. ಸೊಳ್ಳೆ ಸಾಯುವುದಿಲ್ಲ, ಕಾಲರಾ ತಡೆಯುವುದಿಲ್ಲ. ಆ ಪುಡಿಯ ಜಾಗ ಕುಡಿಯುವ ನೀರಿನಲ್ಲಿ, ಅದೂ ಅಳತೆ ಮಾಡಿ.

ಅಳತೆ ಹೀಗೆ. ಬಾವಿಯ ಅಡ್ಡಗಲ 3 ಮೀಟರ್, ನೀರಿನ ಆಳ 4 ಮೀಟರ್ ಎಂದಿಟ್ಟುಕೊಳ್ಳಿ. ಅಡ್ಡಗಲವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ 28.26 ಘನ ಮೀಟರ್, ಅಂದರೆ 28,260 ಲೀಟರ್. ಒಳ್ಳೆಯ ಪುಡಿಯಾದರೆ, ಅಂದರೆ ಶೇಕಡಾ 33ರಷ್ಟು ಕ್ಲೋರಿನ್ ಇರುವಂಥದ್ದಾದರೆ, 1,000 ಲೀಟರಿಗೆ ಸುಮಾರು 2.5 ಗ್ರಾಂ. ಈ ಬಾವಿಗೆ 70 ಗ್ರಾಂ ಆಯಿತು. ನೀರು ಕೊಳಕಾಗಿದ್ದರೆ ಹೆಚ್ಚು ಬೇಕು, ಎಷ್ಟೆಂದು ಆರೋಗ್ಯ ಸಹಾಯಕರು ಹಾರಕ್ಸ್ ಪರೀಕ್ಷೆ ಮಾಡಿ ಹೇಳಬಲ್ಲರು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲೆಸಿ, ಮುಕ್ಕಾಲು ಬಕೆಟ್ ತುಂಬಿಸಿ ಕದಡಿ, 5ರಿಂದ 10 ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ನೀರಿನ ಒಳಕ್ಕೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಕದಡಬೇಕು. ಪುಡಿಯನ್ನು ಹಾಗೇ ಸುರಿದರೆ ಸುಣ್ಣವೂ ಬಾವಿ ಸೇರಿ ನೀರು ಗಡಸಾಗುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಆಮೇಲೆ ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ರಾತ್ರಿ ಹಾಕಿದರೆ ಒಳ್ಳೆಯದು, ಬೆಳಗಿನ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ.

ಪುಡಿ ಕೆಲಸ ಮಾಡದಿದ್ದರೆ ಬಹುಮಟ್ಟಿಗೆ ಕಾರಣ ಹಳೆಯ ಚೀಲ. ಬಾಯಿ ಬಿಚ್ಚಿ ಪಂಚಾಯಿತಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪುಡಿ ತೇವ ಎಳೆದುಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಸಮಿತಿ ಒಮ್ಮೆಗೇ ದೊಡ್ಡ ಚೀಲ ಕೊಳ್ಳಬಾರದು. ನಲ್ಲಿ ನೀರಿನ ಊರಲ್ಲಿ ತೊಂದರೆ ಬೇರೆ. ದಿನಕ್ಕೆರಡು ಗಂಟೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಚರಂಡಿಯಲ್ಲಿ ಹಾದ ಪೈಪಿಗೆ ಒಂದು ಸಣ್ಣ ಬಿರುಕಿದ್ದರೂ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿದರೆ ಇದು ಎಂದೂ ಸಿಗುವುದಿಲ್ಲ. ಮಾದರಿ ತೆಗೆಯಬೇಕಾದ್ದು ಕೊನೆಯ ಬೀದಿಯ ಕೊನೆಯ ನಲ್ಲಿಯಲ್ಲಿ, ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಕಾಣಬೇಕು. ಜಲಜೀವನ್ ಮಿಷನ್ನಿನಲ್ಲಿ ಊರಿಗೆ ಐವರು ಹೆಂಗಸರಿಗೆ ಕಿಟ್ಟಿನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಅವರನ್ನು ಸಮಿತಿಯ ಸಭೆಗೆ ಕರೆಯದೆ ಇರುವುದು ಎಷ್ಟೋ ಊರುಗಳ ತಪ್ಪು.

ಸೊಳ್ಳೆಯ ವಿಷಯದಲ್ಲೂ ಇದೇ ಕಥೆ. ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಡೆಂಗಿಯ ಈಡಿಸ್ ಹಗಲಲ್ಲಿ ಕಚ್ಚುತ್ತದೆ, ಮನೆಯೊಳಗೆ ಬಟ್ಟೆಯ ಹಿಂದೆ, ಮಂಚದ ಕೆಳಗೆ ಕೂರುತ್ತದೆ. ಸಂಜೆ ಬೀದಿಯಲ್ಲಿ ಬಿಟ್ಟ ಹೊಗೆ ಅಲ್ಲಿಗೆ ತಲುಪುವುದೇ ಇಲ್ಲ. ಸಮಿತಿ ಮಾಡಬೇಕಾದ್ದು ಮನೆಮನೆಯ ಲಾರ್ವಾ ಸಮೀಕ್ಷೆ. 100 ಮನೆ ನೋಡಿದಿರಿ, ನೀರು ನಿಂತ 300 ಪಾತ್ರೆಗಳಿದ್ದವು, 18 ಮನೆಗಳಲ್ಲಿ ಒಟ್ಟು 27 ಪಾತ್ರೆಗಳಲ್ಲಿ ಮರಿಹುಳು ಸಿಕ್ಕವು ಎನ್ನೋಣ. ಮರಿಹುಳು ಸಿಕ್ಕ ಮನೆ ನೂರಕ್ಕೆ 18, ಇದು ಮನೆ ಸೂಚ್ಯಂಕ; ಪಾತ್ರೆ ನೂರಕ್ಕೆ 9, ಇದು ಪಾತ್ರೆ ಸೂಚ್ಯಂಕ; ನೂರು ಮನೆಗೆ ಅಂಥ 27 ಪಾತ್ರೆ, ಇದು ಬ್ರಟೋ ಸೂಚ್ಯಂಕ. ವರದಿಗೆ ಈ ಅಂಕಿಗಳು ಸಾಕು, ಊರಿಗೆ ಸಾಲದು. ಆ 27 ಯಾವ ಪಾತ್ರೆಗಳು ಎಂದು ಬರೆದುಕೊಳ್ಳಬೇಕು. ಬಯಲುಸೀಮೆಯಲ್ಲಿ ಅವು ಬಹುಪಾಲು ಡ್ರಮ್ಮು, ಸಿಮೆಂಟ್ ತೊಟ್ಟಿ: ನೀರು ವಾರಕ್ಕೊಮ್ಮೆ ಬಿಡುವ ಕಡೆ ಜನ ತುಂಬಿಡದೆ ಏನು ಮಾಡಿಯಾರು? ಅಲ್ಲಿ ಡೆಂಗಿಯ ಮದ್ದು ನೀರು ಬಿಡುವ ವೇಳಾಪಟ್ಟಿಯಲ್ಲಿದೆ, ಮಾತಾಡಬೇಕಾದ್ದು ನೀರುಗಂಟಿಯ ಜೊತೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ. ಕರಾವಳಿ ಮಲೆನಾಡುಗಳಲ್ಲಿ ಅವೇ ಪಾತ್ರೆಗಳು ಅಡಿಕೆ ಹಾಳೆ, ರಬ್ಬರ್ ತೋಟದ ಚಿಪ್ಪು, ಎಳನೀರಿನ ಬುರುಡೆ.

ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಈಡಿಸ್ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು, ಅದಕ್ಕೇ ವಾರಕ್ಕೊಂದು ಒಣ ದಿನ, ಅಂದರೆ ಪಾತ್ರೆಗಳನ್ನೆಲ್ಲ ಬರಿದು ಮಾಡಿ ತಿಕ್ಕುವ ದಿನ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಮಾಡದ ಹಾಗೇ.

ಸುರಕ್ಷತೆ ಎಂಬುದು ಹೆಸರಿನಲ್ಲಿಲ್ಲ ಎಂದು ಹಾವು ಕಡಿತ, ಕೆರೆಯಲ್ಲಿ ಮುಳುಗುವುದು ಮೊದಲಾದವನ್ನು ಸಮಿತಿ ಮುಟ್ಟುವುದಿಲ್ಲ. ಮುಟ್ಟಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ವಿಷನಿರೋಧಕ ಔಷಧ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ, ರಾತ್ರಿ ಅಲ್ಲಿ ವೈದ್ಯರಿರುತ್ತಾರೋ, 108 ತಡವಾದರೆ ಊರಿನ ಯಾರ ಗಾಡಿ ಹೊರಡುತ್ತದೆ ಎಂಬ ಮೂರು ವಿಷಯಗಳನ್ನು ಮಳೆಗಾಲಕ್ಕೆ ಮೊದಲು ವಿಚಾರಿಸಿ ಹಾಲಿನ ಡೇರಿಯ ಗೋಡೆಗೆ ಅಂಟಿಸಲು ಹಣವೂ ಬೇಡ.

ವಿಚಾರಿಸುವುದು ಸಮಿತಿಯ ಅಧಿಕಾರವೂ ಹೌದು. 2007ರಿಂದ ಎರಡು ವರ್ಷ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಮೇಲ್ವಿಚಾರಣೆಯ ಪ್ರಯೋಗ ನಡೆದಾಗ ಕರ್ನಾಟಕವೂ ಅದರಲ್ಲಿತ್ತು. ಊರವರೇ ಸೇವೆಗಳನ್ನು ಕೇಳಿ ನೋಡಿ, ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಮಾಡಿ, ಜನಸಂವಾದದಲ್ಲಿ ಅಧಿಕಾರಿಗಳ ಮುಂದಿಟ್ಟರು. ‘ಸಹಭಾಗಿತ್ವ’ ಎಂದರೆ ಅದು. ಶಿಬಿರದಲ್ಲಿ ಸಾಲಾಗಿ ನಿಂತು ಮಾತ್ರೆ ಪಡೆದವರನ್ನು ಎಣಿಸಿ ‘ಸಮುದಾಯದ ಸಹಭಾಗಿತ್ವ’ ಎಂದು ಬರೆಯುವುದು ಸರಿಯಲ್ಲ. ಆರೋಗ್ಯ ವ್ಯವಸ್ಥೆಯನ್ನು ಯೋಜಿಸುವುದರಲ್ಲೂ ನಡೆಸುವುದರಲ್ಲೂ ಜನಕ್ಕೆ ಹಕ್ಕಿದೆ, ಹೊಣೆಯೂ ಇದೆ ಎಂದು ಪ್ರಾಥಮಿಕ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನದ 1978ರ ಆಲ್ಮಾ ಆಟಾ ಘೋಷಣೆಯೇ ಹೇಳಿದೆ.

ಸಮಿತಿ ಸತ್ತುಹೋಗುವುದು ಹೆಚ್ಚಾಗಿ ಬ್ಯಾಂಕಿನಲ್ಲಿ. ಪಂಚಾಯಿತಿ ಚುನಾವಣೆಯಾಗಿ ಅಧ್ಯಕ್ಷರು ಬದಲಾದರೆ ಹಳೆಯ ಸಹಿ ನಡೆಯದು, ಹೊಸಬರ ಸಹಿ ಸೇರಿಸಲು ಠರಾವಿನ ಪ್ರತಿ, ಗುರುತಿನ ದಾಖಲೆ ಕೊಡಬೇಕು. ಯಾರೂ ಓಡಾಡದಿದ್ದರೆ ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗುತ್ತದೆ. ಇನ್ನೊಂದು ಕಡೆ, ಮಾರ್ಚಿ 31ರೊಳಗೆ ಖರ್ಚು ತೋರಿಸಿ ಎಂದು ಮೇಲಿನಿಂದ ಒತ್ತಡ ಬಂದು ಆಶಾ ಖಾಲಿ ಚೆಕ್ಕಿಗೆ ಸಹಿ ಮಾಡುತ್ತಾಳೆ. ಆಮೇಲೆ ಲೆಕ್ಕ ಕೇಳಿದಾಗ ಸಿಕ್ಕಿಬೀಳುವವಳು ಅವಳೇ. ಖಾಲಿ ಚೆಕ್ಕಿಗೆ ಸಹಿ ಹಾಕಲೇಬಾರದು, ಹಾಕು ಎನ್ನುವವರಿಗೆ ಠರಾವು ತೋರಿಸಿ ಎಂದು ಕೇಳಲು ಅವಳಿಗೆ ಪೂರ್ಣ ಹಕ್ಕಿದೆ.

ನಿಮ್ಮೂರಿನ ಸಮಿತಿಯ ಸ್ಥಿತಿ ತಿಳಿಯಬೇಕಾದರೆ ಆಶಾ ಅವರ ಬಳಿ ಮೂರು ಪುಸ್ತಕ ನೋಡಿ: ನಡಾವಳಿ, ನಗದು ಪುಸ್ತಕ, ಪಾಸ್‌ಬುಕ್. ಒಂದೇ ಖರ್ಚು ಮೂರರಲ್ಲೂ ಹೊಂದಿಕೊಳ್ಳುವ ದಿನಾಂಕದಲ್ಲಿ ಸಿಗಬೇಕು. ಸದಸ್ಯರ ಪಟ್ಟಿಯಲ್ಲಿ ನೀರುಗಂಟಿಯ ಹೆಸರು ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಮುಂದಿನ ಸಭೆಗೆ ಮೊದಲು ಅವರನ್ನು ಕರೆಯಲು ಹೇಳಿ.